ಕೂಪನ್ ಇದ್ರೆ ಮೊದಲೇ ತೋರಿಸಿ

ಜುಲೈ ತಿಂಗಳು, ಹೊರಗೆ ಜೋರು ಮಳೆ. ಸುಂಟಿಕೊಪ್ಪ ಕಡೆಯಿಂದ ಬಸ್ಸಲ್ಲಿ ಬಂದ ಒಬ್ಬರು ಅಜ್ಜ ಕೊಡೆಯನ್ನು ಬಾಗಿಲ ಹತ್ತಿರದ ಬಕೆಟ್‌ಗೆ ಇಳಿಸಿ, ನಿಧಾನಕ್ಕೆ ಒಂದು ಗಂಟೆ ಸಾಮಾನು ಆರಿಸಿ ನನ್ನ ಕೌಂಟರ್‌ಗೆ ಬಂದರು. ಬಿಲ್ 1,084 ರೂಪಾಯಿ ಆಯ್ತು. ಆಮೇಲೆ ಅವರು ಅಂಗಿಯ ಒಳಜೇಬಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಅದರೊಳಗೆ ನಾಲ್ಕು ಮಡಿಕೆ ಮಾಡಿದ ನಮ್ಮದೇ ಅಂಗಡಿಯ ಕೂಪನ್. ಪೇಪರ್ ಜೊತೆ ಹಂಚಿದ್ದು. ಕವರಿನಲ್ಲಿಟ್ಟರೂ ಥಂಡಿ ಹಿಡಿದು ಮಡಿಕೆಗಳು ಒಂದಕ್ಕೊಂದು ಅಂಟಿದ್ದವು. ಬಿಡಿಸಿದಾಗ ಕೆಂಪು ಅಕ್ಷರದ 100 ಎದುರಿನ ಮಡಿಕೆಗೂ ತಿರುಗುಮುರುಗಾಗಿ ಅಚ್ಚಾಗಿತ್ತು.

1,000 ರೂಪಾಯಿ ಮೇಲೆ ಕೊಂಡರೆ 100 ರೂಪಾಯಿ ಕಡಿತ. ನಾನು ಕೋಡ್ ಹೊಡೆದೆ, ಸಿಸ್ಟಂ ತೆಗೆದುಕೊಳ್ಳಲಿಲ್ಲ. ಯಾಕೆ ಅಂತ ನನಗೆ ಗೊತ್ತಿತ್ತು. ಸಕ್ಕರೆ, ಅಡುಗೆ ಎಣ್ಣೆ ಈ ಆಫರಿಗೆ ಸೇರಲ್ಲ. ಅಜ್ಜನ ಬುಟ್ಟಿಯಲ್ಲಿ 2 ಕೆಜಿ ಸಕ್ಕರೆ 90 ರೂಪಾಯಿ, 2 ಲೀಟರ್ ಎಣ್ಣೆ 290 ರೂಪಾಯಿ. ಅವೆರಡನ್ನೂ ಕಳೆದರೆ ಲೆಕ್ಕಕ್ಕೆ ಬರೋದು 704 ಮಾತ್ರ.

"ಸಾವಿರ ದಾಟಿದೆಯಲ್ಲ ಮಗ" ಅಂದರು. ನಾನು ಕೂಪನ್ನಿನ ಕೆಳಗಿನ ಸಣ್ಣ ಅಕ್ಷರಕ್ಕೆ ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಅದು ಇಂಗ್ಲಿಷಿನಲ್ಲಿತ್ತು, ಅದೂ ಒದ್ದೆಯಾಗಿ ಕಲಸಿಹೋಗಿತ್ತು. ಹಿಂದೆ ಐದಾರು ಜನ ಕ್ಯೂನಲ್ಲಿ ನಿಂತು ಇದನ್ನೇ ನೋಡುತ್ತಿದ್ದರು. "ಇದು ಓದಬಾರದು ಅಂತಲೇ ಬರೆದಿರೋದು ಅಲ್ವಾ?" ಅಂದು, ಬುಟ್ಟಿಯನ್ನು ಕೌಂಟರಿನ ಮೇಲೇ ಬಿಟ್ಟು, ಕೊಡೆ ತೆಗೆದುಕೊಂಡು ಹೊರಟೇಹೋದರು.

ಬಿಲ್ ಕ್ಯಾನ್ಸಲ್ ಮಾಡಿಸಿ ಆ ಸಾಮಾನನ್ನೆಲ್ಲ ಒಂದೊಂದಾಗಿ ಶೆಲ್ಫಿಗೆ ವಾಪಸ್ ಇಟ್ಟವಳು ನಾನೇ. ಅವಲಕ್ಕಿ, ಬಟ್ಟೆ ಸೋಪು, ಮೊಮ್ಮಗುವಿಗೆ ಅಂತ ತೆಗೆದುಕೊಂಡಿದ್ದ ಬಿಸ್ಕೆಟ್. ನಾನು ರೂಲ್ ಪ್ರಕಾರವೇ ಮಾಡಿದ್ದೆ, ಯಾರೂ ನನ್ನನ್ನು ಬೈಯಲಿಲ್ಲ. ಆದರೂ ಅವತ್ತು ಊಟ ಸೇರಲಿಲ್ಲ. ನೂರು ರೂಪಾಯಿ ಹೋಯ್ತು ಅಂತ ಅವರು ಎದ್ದು ಹೋಗಿರಲಿಲ್ಲ. ಅಷ್ಟು ಜನರ ಎದುರು ಪುಕ್ಕಟೆ ಕೇಳಲು ಬಂದವರ ಥರ ಆಗಿಬಿಟ್ಟಿತ್ತು, ಅದಕ್ಕೆ ಹೋದರು.

ನಾನು ಕುಶಾಲನಗರದ ಈ ಸೂಪರ್ ಮಾರ್ಕೆಟ್ಟಿಗೆ ಸೇರಿ ಏಳು ವರ್ಷ ಆಯ್ತು. ಮೊದಲು ಬಿಲ್ಲಿಂಗ್, ಈಗ ಫ್ಲೋರ್ ಪೂರ್ತಿ ನೋಡಿಕೊಳ್ಳುತ್ತೇನೆ. ಹೊಸದಾಗಿ ಕೌಂಟರಿಗೆ ಕೂರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳಿಕೊಡೋದು ಸ್ಕ್ಯಾನ್ ಮಾಡೋದನ್ನಲ್ಲ. ಬುಟ್ಟಿ ಕೌಂಟರಿಗೆ ಬಂದ ತಕ್ಷಣ "ಕೂಪನ್ ಏನಾದ್ರೂ ಇದೆಯಾ?" ಅಂತ ಕೇಳೋದನ್ನು.

ಮೊದಲೇ ಕೇಳೋದಕ್ಕೆ ಲೆಕ್ಕದ ಕಾರಣವೂ ಇದೆ. ಬಿಲ್ ಓಪನ್ ಇರುವಾಗ ಕೂಪನ್ ಹಾಕಿದರೆ ಕಡಿತ ಬಿಲ್ಲಿನಲ್ಲೇ ಬರುತ್ತದೆ. ಅಂಗಡಿಯವರು ತಾವೇ ಕೊಡುವ ರಿಯಾಯಿತಿಯಾದರೆ ಜಿಎಸ್‌ಟಿ ಕೂಡ ಕಡಿಮೆಯಾದ ಬೆಲೆಗೇ ಬೀಳುತ್ತದೆ. ದುಡ್ಡು ಕೊಟ್ಟು, ಬಿಲ್ ಪ್ರಿಂಟ್ ಆಗಿ, ಬ್ಯಾಗ್ ಹೆಗಲಿಗೇರಿದ ಮೇಲೆ "ಅಯ್ಯೋ, ಕೂಪನ್ ಇತ್ತಲ್ಲ" ಅಂದರೆ ಆ ಬಿಲ್ಲನ್ನೇ ರಿಟರ್ನ್ ಮಾಡಿ ಹೊಸದು ಹೊಡೆಯಬೇಕು. ಅದಕ್ಕೆ ಮ್ಯಾನೇಜರ್ ಪಾಸ್‌ವರ್ಡ್ ಬೇಕು. ಮ್ಯಾನೇಜರ್ ಆ ಹೊತ್ತಿಗೆ ಗೋಡೌನ್‌ನಲ್ಲಿ ಲೋಡ್ ಇಳಿಸಿಕೊಳ್ಳುತ್ತಿರುತ್ತಾರೆ. ಕೌಂಟರಿನ ಹುಡುಗಿ ಸುಮ್ನೆ "ಆಗಲ್ಲ" ಅಂದುಬಿಡುತ್ತಾಳೆ. ಆಗುತ್ತೆ, ಆದರೆ ಹತ್ತು ನಿಮಿಷ ಬೇಕು. ಎರಡಕ್ಕೂ ವ್ಯತ್ಯಾಸ ಇದೆ ಅಂತ ಅವಳಿಗೆ ಅರ್ಥ ಮಾಡಿಸೋಕೆ ನನಗೆ ಒಂದು ತಿಂಗಳು ಬೇಕಾಯ್ತು.

ಸಕ್ಕರೆ, ಎಣ್ಣೆಗೆ ಯಾಕೆ ಕೂಪನ್ ನಡೆಯಲ್ಲ ಅಂತ ಜಾಸ್ತಿ ಜನ ಕೇಳುತ್ತಾರೆ. ಅವುಗಳಲ್ಲಿ ಅಂಗಡಿಗೆ ಸಿಗೋದೇ ಅಷ್ಟಕ್ಕಷ್ಟೆ. ಜನ ಒಳಗೆ ಬರಲಿ ಅಂತಲೇ ಅವನ್ನು ಕಡಿಮೆ ಬೆಲೆಗೆ ಇಟ್ಟಿರುತ್ತಾರೆ. ಅದರ ಮೇಲೆ ನೂರಕ್ಕೆ ಹತ್ತು ಬಿಟ್ಟರೆ ಕೈಯಿಂದಲೇ ಹಾಕಬೇಕು. ಇದನ್ನು ಹೀಗೇ ಹೇಳಿದರೆ ಜನ ಒಪ್ಪಿಕೊಳ್ಳುತ್ತಾರೆ. "ಸಿಸ್ಟಂ ತಗೊಳ್ತಿಲ್ಲ" ಅಂದರೆ ಯಾರೂ ಒಪ್ಪಲ್ಲ, ಒಪ್ಪಲೂಬಾರದು.

ಕೂಪನ್ ಯಾರದ್ದು ಅನ್ನೋದು ಇನ್ನೊಂದು ತಲೆನೋವು. ಅಂಗಡಿಯ ಕೂಪನ್ ಆದರೆ ನಷ್ಟ ಅಂಗಡಿಯದ್ದು. ಸೋಪು, ಟೀ ಪುಡಿ ಪ್ಯಾಕೆಟಿನೊಳಗೆ ಬರುವ ಚೀಟಿ ಕಂಪನಿಯದ್ದು. ಗ್ರಾಹಕರಿಗೆ 25 ರೂಪಾಯಿ ನಾವು ಮೊದಲು ಬಿಡುತ್ತೇವೆ. ಚೀಟಿಗಳನ್ನೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಎತ್ತಿಟ್ಟು ತಿಂಗಳ ಕೊನೆಗೆ ಡಿಸ್ಟ್ರಿಬ್ಯೂಟರಿಗೆ ಕೊಡುತ್ತೇವೆ. ಅವರು ಎಣಿಸಿ, ತಾರೀಕು ನೋಡಿ, ಆಮೇಲೆ ಆ ದುಡ್ಡು ನಮ್ಮ ಲೆಕ್ಕಕ್ಕೆ ಬರಬೇಕು. ಚೀಟಿ ಇಲ್ಲದಿದ್ದರೆ ದುಡ್ಡಿಲ್ಲ. "ಚೀಟಿ ಯಾಕೆ ಇಟ್ಕೊಳ್ತೀರಿ, ಇನ್ನೊಂದು ಸಲ ಉಪಯೋಗಿಸೋಣ ಅಂತಿದ್ದೆ" ಅಂತ ಮುನಿಸಿಕೊಂಡವರು ಎಷ್ಟೋ ಜನ.

ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳಬೇಕು. ಒಂದು ವರ್ಷ ಬಟ್ಟೆ ಪುಡಿಯ ಕೂಪನ್ ಜೂನ್ 30ರವರೆಗೆ ಇತ್ತು. ಆ ವಾರ ಗಾಳಿ ಮಳೆಗೆ ದಾರಿಗೆ ಮರ ಬಿದ್ದು ಎಷ್ಟೋ ಕಡೆಯವರು ಪೇಟೆಗೆ ಬರೋಕೇ ಆಗಿರಲಿಲ್ಲ. ಜುಲೈ 1, 2ಕ್ಕೆ ಬಂದವರಿಗೆ ತಾರೀಕು ಮುಗಿದಿದೆ ಅನ್ನೋಕೆ ಬಾಯಿ ಬರಲಿಲ್ಲ. ಕಂಪನಿ ಚೀಟಿಯ ಕಡಿತವನ್ನು ನಾವು ಕೈಯಲ್ಲೇ ಹಾಕೋದು, ಸಿಸ್ಟಂ ತಾರೀಕು ಕೇಳಲ್ಲ. 14 ಚೀಟಿ ತೆಗೆದುಕೊಂಡೆ. ಡಿಸ್ಟ್ರಿಬ್ಯೂಟರ್ ಹದಿನಾಲ್ಕನ್ನೂ ಹಾಗೇ ವಾಪಸ್ ಕಳಿಸಿದರು. 350 ರೂಪಾಯಿ ನನ್ನ ಸಂಬಳದಲ್ಲಿ ಕಟ್ ಆಯ್ತು. ಮ್ಯಾನೇಜರ್ ಮಾಡಿದ್ದು ಸರಿ ಅಂತ ನನಗೆ ಇವತ್ತಿಗೂ ಅನ್ನಿಸಲ್ಲ. ಆದರೆ ನಾನು ಒಂದು ಮಾತು ಮೊದಲೇ ಕೇಳಬಹುದಿತ್ತು. ಈಗ ಅಂಥ ಮಳೆ ವಾರ ಬಂದರೆ ತಾರೀಕು ಮುಗಿಯುವ ಮೊದಲೇ ಡಿಸ್ಟ್ರಿಬ್ಯೂಟರಿಗೆ ಫೋನ್ ಮಾಡಿ, ಎರಡು ದಿನ ಹೆಚ್ಚಿಗೆ ಕೊಡ್ತೀರಾ ಅಂತ ಕೇಳುತ್ತೇನೆ. ಒಮ್ಮೊಮ್ಮೆ ಹೂಂ ಅನ್ನುತ್ತಾರೆ. ಹೂಂ ಅಂದರೆ ವಾಟ್ಸಾಪಿನಲ್ಲಿ ಬರೆಸಿಕೊಳ್ಳುತ್ತೇನೆ.

ರೂಲ್ ಓದೋದನ್ನು ನನಗೆ ಸರಿಯಾಗಿ ಕಲಿಸಿದ್ದು ಕಾಫಿ ತೋಟದ ಲೈನ್‌ಮನೆಯ ಒಬ್ಬರು ಅಕ್ಕ. ಕೊಯ್ಲಿನ ಕಾಲ, ಬಟವಾಡೆ ಆದ ದಿನ. ಅಂಗಡಿಯಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಅವರ ಕೈಯಲ್ಲಿ ಮೂರು ಕೂಪನ್. ಸಾಮಾನನ್ನು ಕೌಂಟರಿನ ಮೇಲೆ ಮೂರು ಗುಡ್ಡೆ ಮಾಡಿ, ಮಧ್ಯೆ ಮಧ್ಯೆ ಅಡ್ಡಕ್ಕೆ ಒಂದೊಂದು ಊದುಬತ್ತಿ ಪ್ಯಾಕೆಟ್ ಇಟ್ಟಿದ್ದರು. ಮೂರು ಬಿಲ್ ಮಾಡಿ ಅಂದರು. ಹೊಸ ಹುಡುಗ ಆಗಲ್ಲ, ಒಬ್ಬರಿಗೆ ಒಂದೇ ಅಂದ. ಅವರು ಕೂಪನ್ನನ್ನು ಅವನ ಕಡೆ ತಿರುಗಿಸಿ ಹಿಡಿದು, "ಒಂದು ಬಿಲ್ಲಿಗೆ ಒಂದು ಅಂತ ತಾನೇ ಬರೆದಿರೋದು? ಆಳಿಗೆ ಒಂದು ಅಂತ ಎಲ್ಲಿದೆ ತೋರಿಸು" ಅಂದರು. ಅವನು ನನ್ನನ್ನು ಕರೆದ. ನಾನು ಓದಿದೆ. ಅವರು ಹೇಳಿದ್ದೇ ಸರಿ. ಮೂರು ಬಿಲ್ ಆಯ್ತು, ಮುನ್ನೂರು ರೂಪಾಯಿ ಉಳಿಯಿತು. ಅಡ್ಡಕ್ಕಿಟ್ಟಿದ್ದ ಊದುಬತ್ತಿಯನ್ನು ಅವರು ಕೊಳ್ಳಲಿಲ್ಲ, ವಾಪಸ್ ಕೊಟ್ಟು ಹೋದರು.

ಮುಂದಿನ ಸಲದ ಕೂಪನ್ನಿನಲ್ಲಿ "ಒಂದು ಮೊಬೈಲ್ ನಂಬರಿಗೆ ಒಂದು" ಅಂತ ಬಂತು. ಮೇಲಿನವರು ಹುಷಾರಾದರು ಅಂತಿಟ್ಟುಕೊಳ್ಳಿ. ನನಗೆ ಅದು ಇಷ್ಟವಾಗಲಿಲ್ಲ. ಮನೆಗೊಂದೇ ಫೋನ್ ಇರುವ ಕಡೆ ಅತ್ತೆ, ಸೊಸೆ ಇಬ್ಬರೂ ದುಡಿದು ಬೇರೆ ಬೇರೆ ಸಾಮಾನು ಕೊಂಡರೂ ಒಬ್ಬರಿಗೇ ಕಡಿತ. ಅದರ ಮೇಲೆ ಓಟಿಪಿ ಬೇರೆ. ಮಳೆಗಾಲದಲ್ಲಿ ಕೊಡಗಿನಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಓಟಿಪಿ ಬರಲಿ ಅಂತ ಗ್ರಾಹಕರು ಫೋನ್ ಎತ್ತಿ ಹಿಡಿದು ಬಾಗಿಲಾಚೆ ಮಳೆಗೆ ಅರ್ಧ ಮೈ ಚಾಚಿ ನಿಂತಿರುತ್ತಾರೆ. ನಾವು ಅವರ ಬಿಲ್ ಹೋಲ್ಡಿಗೆ ಹಾಕಿ, ಬುಟ್ಟಿಗೆ ಒಂದು ಚೀಟಿ ಅಂಟಿಸಿ, ಹಿಂದಿನವರನ್ನು ಮುಂದಕ್ಕೆ ಕರೆಯುತ್ತೇವೆ. ಹೋಲ್ಡ್ ಅನ್ನೋ ಬಟನ್ ಇಲ್ಲದಿದ್ದರೆ ಈ ಕೆಲಸ ನಾನು ಯಾವತ್ತೋ ಬಿಟ್ಟಿರುತ್ತಿದ್ದೆ.

ಕೆಲವು ಕಡೆ ಇಲ್ಲ ಅನ್ನಲೇಬೇಕಾಗುತ್ತದೆ. ಎಳೆ ಮಗುವಿನ ಹಾಲಿನ ಪುಡಿಗೆ ಕೂಪನ್ ಹಾಕಿ ಅಂತ ಒಬ್ಬರು ಬಾಣಂತಿಯ ತಾಯಿ ಪಟ್ಟು ಹಿಡಿದರು. ದುಬಾರಿ ಡಬ್ಬಿ, ಅವರ ಸಂಕಟ ಅರ್ಥವಾಗುತ್ತಿತ್ತು. ಎದೆಹಾಲಿನ ಬದಲು ಕೊಡುವ ಪುಡಿ, ಹಾಲಿನ ಬಾಟಲಿ, ಎಳೆ ಮಕ್ಕಳ ಆಹಾರ ಇವನ್ನು ಜನ ಜಾಸ್ತಿ ಕೊಳ್ಳಲಿ ಅಂತ ಯಾವ ಆಮಿಷವನ್ನೂ ಒಡ್ಡುವಂತಿಲ್ಲ. 1992ರಿಂದ ಹಾಗೆ ಕಾಯ್ದೆಯೇ ಇದೆ. "ಅಮ್ಮಾ, ಇದು ನಮ್ಮ ಅಂಗಡಿಯ ರೂಲ್ ಅಲ್ಲ, ಸರ್ಕಾರದ್ದು. ಕೂಪನ್ನನ್ನು ಡೈಪರಿಗೆ ಹಾಕಿಕೊಡ್ತೀನಿ, ಅದಕ್ಕೆ ನಡೆಯುತ್ತೆ" ಅಂದೆ. ಡೈಪರ್ ಹೇಗೂ ಬೇಕಿತ್ತು, ತೆಗೆದುಕೊಂಡರು.

ಎಲ್ಲವನ್ನೂ ಅಂಗಡಿಯ ರೂಲ್ ಅಂದುಬಿಡೋ ಚಾಳಿ ನಮ್ಮಲ್ಲೂ ಇತ್ತು. ಕೌಂಟರಿನ ಹಿಂದೆ "ಮಾರಿದ ಸಾಮಾನು ವಾಪಸ್ ಪಡೆಯುವುದಿಲ್ಲ" ಅಂತ ಬೋರ್ಡ್ ನೇತಾಡುತ್ತಿತ್ತು. ಒಬ್ಬರು ಮೇಷ್ಟ್ರು ಕೂಪನ್ ಹಾಕಿ ಕೊಂಡ ಮಿಕ್ಸಿ ಜಾರ್ ಸೋರುತ್ತದೆ ಅಂತ ತಂದರು. ಕೌಂಟರಿನವಳು ಬೋರ್ಡ್ ತೋರಿಸಿದಳು, ಜೊತೆಗೆ "ಆಫರಲ್ಲಿ ಕೊಂಡಿದ್ದು ಸಾರ್" ಅಂತಲೂ ಸೇರಿಸಿದಳು. ಅವರು ಜಗಳ ಆಡಲಿಲ್ಲ. 2019ರ ಗ್ರಾಹಕರ ಕಾಯ್ದೆಯಲ್ಲಿ ಏನಿದೆ ಅಂತ ಪಾಠ ಮಾಡಿದ ಹಾಗೆ ನಿಧಾನಕ್ಕೆ ಹೇಳಿದರು. ಕೆಟ್ಟ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಏನೂ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳದೆ ಇರೋದು ತಪ್ಪು ವ್ಯಾಪಾರ ಅಂತ. ಬೇಕಾದರೆ 1915ಕ್ಕೆ ಫೋನ್ ಮಾಡೋಣ, ಗ್ರಾಹಕರ ಸಹಾಯವಾಣಿ ಅದು ಅಂದರು. ಫೋನ್ ಮಾಡುವ ತನಕ ಹೋಗಲಿಲ್ಲ, ಜಾರ್ ಬದಲಿಸಿಕೊಟ್ಟೆವು. ದುಡ್ಡೇ ಕೇಳಿದ್ದರೆ ಅವರು ಕೊಟ್ಟಷ್ಟೇ ಸಿಗುತ್ತಿತ್ತು, ಕೂಪನ್ನಿನ ಕಡಿತ ಸೇರಿಸಿ ಕೊಡೋಕೆ ಬರಲ್ಲ. ಬೋರ್ಡ್ ಈಗ ಇಲ್ಲ. ಅದರ ಮೊಳೆಗೆ ಕ್ಯಾಲೆಂಡರ್ ಹಾಕಿದ್ದೇವೆ.

ಅದರ ಬದಲು ಬಾಗಿಲ ಹತ್ತಿರ, ಕೊಡೆ ಬಕೆಟ್‌ನ ಮೇಲ್ಗಡೆ, ಬೇರೆ ಬೋರ್ಡ್ ಇದೆ. ಮಾರ್ಕರಿನಲ್ಲಿ ನಾನೇ ಬರೆದದ್ದು, ದಪ್ಪ ಕನ್ನಡ ಅಕ್ಷರ. ಈ ವಾರದ ಕೂಪನ್ ಯಾವುದಕ್ಕೆ ನಡೆಯುತ್ತೆ, ಯಾವುದಕ್ಕೆ ಇಲ್ಲ, ಯಾವತ್ತಿನವರೆಗೆ. "ಇಲ್ಲ ಅನ್ನೋದನ್ನ ಬಾಗಿಲಲ್ಲೇ ಬರೆದ್ರೆ ಒಳಗೆ ಯಾರು ಬರ್ತಾರೆ?" ಅಂತ ಮ್ಯಾನೇಜರ್ ರಾಗ ಎಳೆದಿದ್ದರು. ಒಂದು ತಿಂಗಳು ನೋಡೋಣ ಸಾರ್ ಅಂದೆ. ಆ ತಿಂಗಳು ಕೌಂಟರಿನಲ್ಲಿ ಬುಟ್ಟಿ ಬಿಟ್ಟು ಹೋದವರು ಒಬ್ಬರೂ ಇರಲಿಲ್ಲ. ಮ್ಯಾನೇಜರ್ ಮತ್ತೆ ಆ ಮಾತು ಎತ್ತಲಿಲ್ಲ. ಕನ್ನಡ ಓದಲು ಬಾರದವರೂ ನಮ್ಮಲ್ಲಿಗೆ ಬಹಳ ಬರುತ್ತಾರೆ, ಬೈಲಕುಪ್ಪೆಯ ಲಾಮಾಗಳು, ತೋಟಕ್ಕೆ ಬಂದ ಅಸ್ಸಾಮಿನ ಹುಡುಗರು. ಅವರಿಗಾಗಿ ಸಕ್ಕರೆ ಪ್ಯಾಕೆಟ್, ಎಣ್ಣೆ ಪ್ಯಾಕೆಟ್ಟಿನ ಚಿತ್ರ ಬರೆದು ಮೇಲೆ ಅಡ್ಡಗೆರೆ ಹೊಡೆದಿದ್ದೇನೆ. ಚಿತ್ರ ಚೆನ್ನಾಗಿಲ್ಲ. ಎಣ್ಣೆ ಪ್ಯಾಕೆಟ್ ದಿಂಬಿನ ಥರ ಕಾಣುತ್ತದೆ ಅಂತ ಹುಡುಗರು ನಗುತ್ತಾರೆ.

ಸುಂಟಿಕೊಪ್ಪದ ಅಜ್ಜ ನಾಲ್ಕೈದು ತಿಂಗಳು ನಮ್ಮ ಕಡೆ ತಲೆ ಹಾಕಲಿಲ್ಲ. ಪುತ್ತರಿ ಹಬ್ಬ ಹತ್ತಿರ ಬಂದಾಗ ಒಂದು ದಿನ ಬಾಗಿಲಲ್ಲಿ ಕಾಣಿಸಿಕೊಂಡರು. ಬೋರ್ಡನ್ನು ಮೇಲಿಂದ ಕೆಳಗೆ ಎರಡು ಸಲ ಓದಿದರು. ಬುಟ್ಟಿ ಮುಟ್ಟದೆ ನೇರ ನನ್ನ ಹತ್ತಿರ ಬಂದು, ಅದೇ ಒಳಜೇಬು, ಅದೇ ಪ್ಲಾಸ್ಟಿಕ್ ಕವರ್.

"ಮೊದಲು ಇದನ್ನ ನೋಡಿ ಹೇಳು ಮಗ. ಆಮೇಲೆ ಸಾಮಾನು ತೆಗೀತೀನಿ."

ಬಿಡಿಸಿ ನೋಡಿದೆ. ಈ ಸಲ ಒದ್ದೆಯಾಗಿರಲಿಲ್ಲ, ತಾರೀಕೂ ಮುಗಿದಿರಲಿಲ್ಲ, ಎಲ್ಲ ಸರಿಯಿತ್ತು. ಅಂಗಡಿ ಮಾತ್ರ ನಮ್ಮದಲ್ಲ, ಮೈಸೂರಿನದ್ದು.

"ಹೌದಾ?" ಅಂದರು. ಸ್ವಲ್ಪ ಹೊತ್ತು ಕೂಪನ್ನನ್ನೇ ನೋಡಿ, ಮಡಚಿ ಕವರಿಗೆ ಹಾಕಿ, ಬುಟ್ಟಿ ತೆಗೆದುಕೊಂಡು ಸಕ್ಕರೆ ಇಟ್ಟ ಕಡೆಗೆ ಹೋದರು.