ರೆಫರೆನ್ಸ್ ನಂಬರ್ ಯಾರದು ಕೊಟ್ಟಿದ್ದೀರಿ?

ಸಾಲದ ಅರ್ಜಿಯ ಕೊನೆಯ ಪುಟಗಳಲ್ಲಿ ಎರಡು ಖಾಲಿ ಜಾಗ ಇರುತ್ತವೆ. ಹೆಸರು, ಸಂಬಂಧ, ಮೊಬೈಲ್ ನಂಬರ್. "ಸುಮ್ನೆ ಫಾರ್ಮಾಲಿಟಿ ಸರ್, ಯಾರದಾದ್ರೂ ಬರೀರಿ" ಎಂದಿದ್ದ ಫೈನಾನ್ಸ್ ಹುಡುಗ. ನಾನು ಒಂದರಲ್ಲಿ ಗೆಳೆಯನದು, ಇನ್ನೊಂದರಲ್ಲಿ ತಂಗಿಯ ಗಂಡನದು ಬರೆದೆ. ದಿನಾ ನೂರು ಜನರ ಅರ್ಜಿ ತುಂಬಿಕೊಡುವ ನಾನೇ, ನನ್ನ ಅರ್ಜಿಯನ್ನು ಎರಡು ನಿಮಿಷದಲ್ಲಿ ಸಹಿ ಹಾಕಿ ಕೊಟ್ಟುಬಿಟ್ಟೆ.

ರಾಣೆಬೆನ್ನೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಎದುರಿಗೆ ಸರ್ಕಾರಿ ಆಫೀಸು. ಉತಾರ (ಪಹಣಿ), ಆಧಾರ್, ಪಾಸ್‌ಬುಕ್ಕಿನ ಪ್ರತಿ ತೆಗೆಯುವುದು, ಅರ್ಜಿ ಟೈಪ್ ಮಾಡುವುದು, ಲ್ಯಾಮಿನೇಷನ್. 2022ರ ಕೊನೆಗೆ ಹಳೇ ಮಶೀನ್ ಕೈ ಕೊಟ್ಟಿತು. ಹೊಸದಕ್ಕೆ 2,40,000 ರೂಪಾಯಿ ಸಾಲ ಮಾಡಿದೆ. 36 ಕಂತು, ತಿಂಗಳಿಗೆ 9,170. ಬಡ್ಡಿ ಜಾಸ್ತಿಯೇ, ಗೊತ್ತಿತ್ತು. ಆದರೆ ಬ್ಯಾಂಕಿನವರು ಮೂರು ತಿಂಗಳು ಓಡಾಡಿಸಿದ್ದರು. ಫೈನಾನ್ಸ್‌ನವರು ಮೂರು ದಿನಕ್ಕೆ ಕೊಟ್ಟರು.

17 ಕಂತು ತಪ್ಪದೆ ತುಂಬಿದೆ. ಒಂದು ದಿನವೂ ತಡ ಆಗಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಆಮೇಲೆ ಯಾರೂ ಈ 17ರ ಬಗ್ಗೆ ಒಂದು ಮಾತೂ ಆಡಲಿಲ್ಲ.

2024ರ ಮೇ ತಿಂಗಳ ಕೊನೆಗೆ ಅಪ್ಪನಿಗೆ ಲಕ್ವ ಹೊಡೆಯಿತು. ಹುಬ್ಬಳ್ಳಿಯಲ್ಲಿ 12 ದಿನ. ಅಂಗಡಿ ಬಾಗಿಲು ಹಾಕಿತ್ತು. ಜೂನ್ 5ಕ್ಕೆ ಕಂತು ಬೌನ್ಸ್ ಆಯಿತು.

ಬೌನ್ಸ್ ಆದರೆ ಏನಾಗುತ್ತದೆ ಅಂತ ಕಂತು ತಪ್ಪದವರಿಗೆ ಗೊತ್ತಿರುವುದಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಫೈನಾನ್ಸ್‌ನವರು 590 ರೂಪಾಯಿ ಹಾಕಿದರು. ನನ್ನ ಖಾತೆ ಇರುವ ಬ್ಯಾಂಕು, ಅಂದರೆ ಸಾಲವನ್ನೇ ಕೊಡದ ಬ್ಯಾಂಕು, ದುಡ್ಡು ಇರಲಿಲ್ಲ ಎಂಬ ತಪ್ಪಿಗೆ ತನ್ನದೊಂದು 295 ಹಾಕಿತು. ಜುಲೈನಲ್ಲಿ ಒಂದೇ ಕಂತನ್ನು ಮೂರು ಸಲ ಬ್ಯಾಂಕಿಗೆ ಕಳಿಸಿದರು. 5ಕ್ಕೆ, 12ಕ್ಕೆ, 20ಕ್ಕೆ. ಖಾತೆಯಲ್ಲಿ ದುಡ್ಡಿಲ್ಲ ಅಂತ ಗೊತ್ತಿದ್ದೇ ಕಳಿಸುವುದು. ಮೂರು ಸಲವೂ ಎರಡೂ ಕಡೆ ಚಾರ್ಜು ಬಿತ್ತು. ಎರಡು ತಿಂಗಳಿಗೆ ಒಟ್ಟು 3,540 ರೂಪಾಯಿ. ಅದರಲ್ಲಿ ಒಂದು ಪೈಸೆಯೂ ಸಾಲಕ್ಕೆ ಹೋಗಲಿಲ್ಲ.

ಖಾತೆಯಲ್ಲಿ ಇಲ್ಲದ ದುಡ್ಡನ್ನು ಹೇಗೆ ಕತ್ತರಿಸುತ್ತಾರೆ? ಬಂದಾಗ ಕತ್ತರಿಸುತ್ತಾರೆ. ನನ್ನ ಅಂಗಡಿಯ ಕ್ಯೂಆರ್ ಕೋಡ್ ಅದೇ ಖಾತೆಯದು. ಬೆಳಿಗ್ಗೆ ಬೋಣಿಗೆ ಅಂತ ಒಬ್ಬರು ಮೂರು ಪ್ರತಿ ಮಾಡಿಸಿದರು, 6 ರೂಪಾಯಿ. "ಆರು ರೂಪಾಯಿ ಸ್ವೀಕರಿಸಲಾಗಿದೆ" ಅಂತ ಡಬ್ಬಿ ಕೂಗಿತು. ಹಿಂದೆಯೇ ಬ್ಯಾಂಕಿನ ಮೆಸೇಜು, ಆ 6 ರೂಪಾಯಿ ಚಾರ್ಜಿಗೆ ಜಮಾ. ಆಮೇಲೆ 20, ಅದೂ ಹೋಯಿತು. ಬೋಣಿಗೆಯನ್ನೂ ಬಿಡದ ವಸೂಲಿಗಾರನನ್ನು ನಾನು ಅದೇ ಮೊದಲು ನೋಡಿದ್ದು. ಕ್ಯೂಆರ್ ಮೇಲೆ ಒಂದು ಬಿಳಿ ಹಾಳೆ ಅಂಟಿಸಿ "ಕ್ಯಾಶ್ ಮಾತ್ರ" ಎಂದು ಬರೆದೆ. ಚಿಲ್ಲರೆ ಇಲ್ಲದವರು ಪಕ್ಕದ ಅಂಗಡಿಗೆ ಹೋದರು. ದುಡಿದು ಕಟ್ಟಬೇಕಾದವನ ದುಡಿಮೆಗೇ ಹೀಗೆ ಕಲ್ಲು ಬಿತ್ತು.

ಜುಲೈ ಮಧ್ಯದಲ್ಲಿ 4,000 ರೂಪಾಯಿ ಹೊಂದಿಸಿಕೊಂಡು ಫೈನಾನ್ಸ್‌ನವರ ಬ್ರಾಂಚಿಗೆ ಹೋದೆ. ಅಪ್ಪನ ಆಸ್ಪತ್ರೆಯ ಕಾಗದಗಳ ಜೆರಾಕ್ಸ್ ಕೂಡ ಒಯ್ದಿದ್ದೆ. (ನಮ್ಮ ಕಸುಬಿನವರಿಗೆ ಇದೊಂದು ಚಟ.) ಮ್ಯಾನೇಜರ್ ಅವುಗಳನ್ನು ಮುಟ್ಟಲಿಲ್ಲ. ತುಂಬಿದರೆ ಎರಡೂ ಕಂತು ಚಾರ್ಜ್ ಸಮೇತ ತುಂಬಬೇಕಂತೆ, ಅರ್ಧಂಬರ್ಧ ತಗೊಳ್ಳೋಕೆ ಸಿಸ್ಟಮ್ ಬಿಡಲ್ಲವಂತೆ. ಹೊರಗೆ ಬಂದಾಗ ಕಲೆಕ್ಷನ್ ಹುಡುಗನೊಬ್ಬ ಹಿಂದೆಯೇ ಬಂದ. "ಆ ನಾಕು ಸಾವಿರ ನನ್ನ ಕೈಯಾಗ ಕೊಡ್ರಿ ಅಣ್ಣಾ, ನಾ ಹೊಂದಸ್ತೀನಿ" ಎಂದ. ರಸೀದಿ ಕೇಳಿದೆ. ರಸೀದಿ ನಾಳೆ ಎಂದ. ಕೊಡಲಿಲ್ಲ.

ಜುಲೈ ಕೊನೆ ಅಂದರೆ ಬೆಳೆ ವಿಮೆ ತುಂಬುವ ಕೊನೆಯ ದಿನಗಳು. ವರ್ಷದಲ್ಲಿ ನಮಗೆ ಸಿಗುವ ದೊಡ್ಡ ಸೀಸನ್ನು. ಅಂಗಡಿ ಮುಂದೆ ರೈತರ ಸಾಲು. ಅಂಥ ದಿನವೇ ಇಬ್ಬರು ಬಂದು ಗಿರಾಕಿಗಳ ಬೆಂಚಿನ ಮೇಲೆ ಕೂತರು. 11 ಗಂಟೆಯಿಂದ 3ರವರೆಗೆ. ಬೈಯಲಿಲ್ಲ, ಹೊಡೆಯಲಿಲ್ಲ. ಅರ್ಧ ಗಂಟೆಗೊಮ್ಮೆ ಒಬ್ಬ ಫೋನ್ ಹಚ್ಚಿ ಜೋರಾಗಿ, "ಹೌದ್ ಸರ್, ಅಂಗಡ್ಯಾಗ ಅದಾರ. ವ್ಯಾಪಾರ ಜೋರ್ ಐತಿ. ಸಾಲ ಮಾತ್ರ ತುಂಬವಲ್ರು" ಎನ್ನುತ್ತಿದ್ದ. ಇನ್ನೊಬ್ಬ ನನ್ನ, ಮಶೀನಿನ, ಸಾಲಿನಲ್ಲಿ ನಿಂತವರ ಫೋಟೋ ತೆಗೆದ. ಪರಿಚಯದ ಹಿರಿಯರೊಬ್ಬರು ಉತಾರದ ಪ್ರತಿ ಇಸಿದುಕೊಂಡು 4 ರೂಪಾಯಿ ಕೊಡುವಾಗ ನನ್ನ ಮುಖ ನೋಡಲಿಲ್ಲ. ಇವತ್ತಿಗೂ ನನಗೆ ನೆನಪಾಗುವುದು ಆ ಇಬ್ಬರಲ್ಲ, ಆ ನಾಲ್ಕು ರೂಪಾಯಿ.

ಇಷ್ಟನ್ನೂ ನುಂಗಿಕೊಂಡಿದ್ದೆ. ಆದರೆ ಆಗಸ್ಟ್ ಮೊದಲ ವಾರ ತಂಗಿಯ ಗಂಡನ ನಂಬರಿಗೆ ಫೋನ್ ಹೋಯಿತು. ಅವನು ಹೊಲದಲ್ಲಿದ್ದ. ಫೋನ್ ಮನೆಯಲ್ಲಿತ್ತು. ಎತ್ತಿದವರು ತಂಗಿಯ ಮಾವನವರು. "ನಿಮ್ಮ ಸಂಬಂಧಿಕರು ಸಾಲ ತಗೊಂಡು ತಲೆ ತಪ್ಪಿಸಿಕೊಂಡಿದ್ದಾರೆ, ನೀವು ರೆಫರೆನ್ಸ್ ಇದ್ದೀರಿ, ನೀವೇ ಕಟ್ಟಬೇಕಾಗುತ್ತದೆ" ಎಂದಳಂತೆ ಆ ಕಡೆಯ ಹುಡುಗಿ. ಅದು ಸುಳ್ಳು. ರೆಫರೆನ್ಸ್ ಕೊಟ್ಟವರು ಜಾಮೀನುದಾರರಲ್ಲ, ಅವರು ಒಂದು ಪೈಸೆಯನ್ನೂ ಕಟ್ಟಬೇಕಿಲ್ಲ. ಆದರೆ 70 ದಾಟಿದ ಮನುಷ್ಯನಿಗೆ ಅದನ್ನು ಹೇಳುವವರು ಯಾರು? ಅದೇ ವಾರ ಅವರಿಗೆ ಆರು ಸಲ ಫೋನ್ ಬಂತು.

ಬೀಗರು ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಆಗಸ್ಟ್ 9ಕ್ಕೆ ನಾಗರ ಪಂಚಮಿ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರದೆ ಇರುವುದಿಲ್ಲ. ಅವ್ವ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿಟ್ಟಿದ್ದಳು. ತಂಗಿ ಬರಲಿಲ್ಲ. "ಹೊಲದ ಕೆಲಸ ಭಾಳ ಐತಿ ಅಣ್ಣಾ" ಎಂದಳು ಫೋನಿನಲ್ಲಿ. ಅವ್ವ ಡಬ್ಬಿಯನ್ನು ಮೇಲಿನ ಮಾಡಕ್ಕೆ ಎತ್ತಿಟ್ಟಳು. ಕಾರಣ ಕೇಳಲಿಲ್ಲ, ಅವಳಿಗೆ ಆಗಲೇ ಗೊತ್ತಿತ್ತು.

ಅವತ್ತು ಸಂಜೆ, ಹಬ್ಬದ ದಿನ, ನಾನು ಅಂಗಡಿ ತೆರೆದು ಒಬ್ಬನೇ ಕೂತೆ. ಅಂಗಡಿಗೆ ಬರುವ ವಕೀಲರೊಬ್ಬರು ಹಿಂದೊಮ್ಮೆ "ರಿಸರ್ವ್ ಬ್ಯಾಂಕಿನ ಸರ್ಕ್ಯುಲರ್ ಓದಿ ನೋಡ್ರಿ" ಎಂದಿದ್ದರು. ಹುಡುಕಿದೆ. 12 ಆಗಸ್ಟ್ 2022ರದ್ದು, ಒಂದೆರಡು ಪುಟ ಅಷ್ಟೇ. ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ಮೇಲೆ ವಸೂಲಿ ಫೋನ್ ಮಾಡಬಾರದು. ಪದೇ ಪದೇ ಫೋನ್ ಮಾಡಿ ಕಾಡಬಾರದು. ಸಾಲಗಾರನನ್ನು ಹತ್ತು ಜನರ ಮುಂದೆ ಅವಮಾನ ಮಾಡಬಾರದು. ಅವನ ಮನೆಯವರ, ಗೆಳೆಯರ, ರೆಫರೆನ್ಸ್ ಕೊಟ್ಟವರ ತಂಟೆಗೆ ಹೋಗಬಾರದು. ಸುಳ್ಳು ಹೇಳಿ ದಾರಿ ತಪ್ಪಿಸಬಾರದು. ವಸೂಲಿಯನ್ನು ಹೊರಗಿನ ಏಜೆನ್ಸಿಗೆ ಕೊಟ್ಟಿದ್ದರೂ ಹೊಣೆ ಸಾಲ ಕೊಟ್ಟವರದ್ದೇ. ಎರಡು ತಿಂಗಳಲ್ಲಿ ನನಗೆ ಆದದ್ದನ್ನೆಲ್ಲ ಯಾರೋ ಎರಡು ವರ್ಷ ಮೊದಲೇ ಕೂತು ಬರೆದಿಟ್ಟಂತೆ ಇತ್ತು. ಒಂದೊಂದೂ ನಿಷೇಧ. ಒಂದೊಂದೂ ನಡೆದಿತ್ತು.

ಇನ್ನೂ ಓದಿದೆ. 2023ರ ಆಗಸ್ಟಿನ ಇನ್ನೊಂದು ಸುತ್ತೋಲೆಯ ಪ್ರಕಾರ ತಡವಾದ ಕಂತಿಗೆ ದಂಡ ಹಾಕಬಹುದು, ಆದರೆ ಅದನ್ನು ಬಡ್ಡಿಯ ರೂಪದಲ್ಲಿ ಹಾಕಬಾರದು, ಆ ದಂಡದ ಮೇಲೆ ಮತ್ತೆ ಬಡ್ಡಿಯನ್ನೂ ಎಣಿಸಬಾರದು. ನನ್ನ ಸ್ಟೇಟ್‌ಮೆಂಟಿನಲ್ಲಿ "ಪೀನಲ್ ಇಂಟರೆಸ್ಟ್", ಅಂದರೆ ದಂಡದ ಬಡ್ಡಿ ಎಂದೇ ಬರೆದಿತ್ತು. ಹೆಸರು ಬದಲಿಸುವ ಕಷ್ಟವನ್ನೂ ತಗೊಂಡಿರಲಿಲ್ಲ.

ಫೈನಾನ್ಸ್‌ನ ದೂರು ವಿಭಾಗಕ್ಕೆ ಇಮೇಲ್ ಕಳಿಸಿದೆ. ಫೋನ್ ಬಂದ ತಾರೀಖು, ಗಂಟೆ, ನಂಬರ್, ಎಲ್ಲದರ ಸ್ಕ್ರೀನ್‌ಶಾಟ್ ಹಚ್ಚಿದೆ. ಉತ್ತರ ಇಲ್ಲ. 30 ದಿನ ಕಾದು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ಸಿಎಂಎಸ್ ಎಂಬ ಅವರ ದೂರಿನ ವೆಬ್‌ಸೈಟಿನಲ್ಲಿ ದೂರು ಹಾಕಿದೆ. ಫೀಸ್ ಇಲ್ಲ, ವಕೀಲರು ಬೇಕಿಲ್ಲ. ಆದರೆ ಮೊದಲು ಸಾಲ ಕೊಟ್ಟವರಿಗೇ ಬರೆದಿರಬೇಕು, ಆ ಬರೆದದ್ದಕ್ಕೆ ಸಾಕ್ಷಿ ಇರಬೇಕು. ಬಾಯಿಮಾತಿನ ಜಗಳಕ್ಕೆ ಅಲ್ಲಿ ಬೆಲೆ ಇಲ್ಲ.

ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿದರು. ಅಷ್ಟು ಮರ್ಯಾದೆಯ ಕನ್ನಡ ಆ ಕಂಪನಿಯಿಂದ ನಾನು ಕೇಳಿರಲೇ ಇಲ್ಲ. ಎರಡು ಬೌನ್ಸ್ ಚಾರ್ಜು, ಅಂದರೆ 1,180 ರೂಪಾಯಿ, ವಾಪಸ್ ಬಂತು. ದಂಡದ ಬಡ್ಡಿ ತೆಗೆದರು. ಬಾಕಿ ಬಿದ್ದ ಕಂತು ತುಂಬಲು ಡಿಸೆಂಬರ್‌ವರೆಗೆ ಸಮಯ ಕೊಟ್ಟರು. ಸಿಸ್ಟಮ್ ಈಗ ಬಿಟ್ಟಿತು! ಬೀಗರಿಗೆ ಫೋನ್ ಮಾಡಿ ತಪ್ಪಾಯಿತು ಎನ್ನಿ ಎಂದು ಕೇಳಿದೆ. ಅದಕ್ಕೆ ಅವಕಾಶ ಇಲ್ಲ ಸರ್ ಎಂದರು. ಸುಳ್ಳು ಹೇಳಲು ಆರು ಸಲ ಅವಕಾಶ ಇತ್ತು.

ಬಾಕಿ ಕಂತೆಲ್ಲ ತುಂಬಿದೆ. ಸಾಲ ತಗೊಂಡವನು ತೀರಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೂ ನನ್ನ ಸಾಲದ ಇತಿಹಾಸ ಬರೆದಿಡುವ ಸಿಬಿಲ್ ರಿಪೋರ್ಟಿನಲ್ಲಿ ಆ ಎರಡು ತಿಂಗಳು ಕಪ್ಪು ಚುಕ್ಕೆಯಾಗಿ ಕೂತಿವೆ. ಇನ್ನೊಂದು ಸುತ್ತೋಲೆಯೂ ಕಣ್ಣಿಗೆ ಬಿದ್ದಿತ್ತು, 2023ರ ಜೂನ್ ತಿಂಗಳದ್ದು. ಶಕ್ತಿ ಇದ್ದೂ ಬೇಕಂತಲೇ ಸಾಲ ಕಟ್ಟದವರ ಜೊತೆಗೂ ಬ್ಯಾಂಕುಗಳು ರಾಜಿ ಮಾಡಿಕೊಳ್ಳಬಹುದು ಅಂತ. ಅವರ ಬೀಗರಿಗೆ ಯಾರು ಫೋನ್ ಮಾಡುತ್ತಾರೋ.

ನನ್ನ ಕಥೆ ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. 2025ರ ಜನವರಿಯಲ್ಲಿ ಅಂಗಡಿಗೆ ಹೆಣ್ಣುಮಕ್ಕಳು ಬರತೊಡಗಿದರು. ಸಂಘದ ಸಾಲದವರು, ಅಂದರೆ ಹತ್ತು ಜನರ ಗುಂಪು ಕಟ್ಟಿಕೊಂಡು ಮೈಕ್ರೋಫೈನಾನ್ಸ್‌ನವರಿಂದ ಸಾಲ ಎತ್ತಿದವರು. ವಸೂಲಿಯವರ ಕಾಟಕ್ಕೆ ಬೇಸತ್ತು ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ಮುಖ್ಯಮಂತ್ರಿಗೆ ಪೋಸ್ಟಿನಲ್ಲಿ ಮಾಂಗಲ್ಯ ಕಳಿಸಿದ್ದು ಆಗಲೇ. ಚಾಮರಾಜನಗರದ ಕಡೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿಯೂ ಆಗಲೇ ಬಂತು. ನಾನು ಅರ್ಜಿ ಟೈಪ್ ಮಾಡಿದೆ, ದಿನಕ್ಕೆ ಹತ್ತು, ಹದಿನೈದು. ಒಬ್ಬೊಬ್ಬರ ಕೈಚೀಲದಲ್ಲಿ ನಾಲ್ಕೈದು ಲೋನ್ ಕಾರ್ಡು. ಒಂದು ಸಂಘದ ಕಂತು ತುಂಬಲು ಇನ್ನೊಂದು ಸಂಘದಲ್ಲಿ ಎತ್ತಿದ್ದು. ಮನೆಯ ಎಲ್ಲ ಸಾಲದ ಕಂತು ಸೇರಿ ಆದಾಯದ ಅರ್ಧ ದಾಟಬಾರದು ಎಂದು 2022ರಲ್ಲೇ ನಿಯಮ ಬಂದಿದೆ. ಹಾಗಾದರೆ ಐದನೇ ಕಾರ್ಡ್ ಕೊಟ್ಟವರು ಯಾರ ಆದಾಯ ನೋಡಿ ಕೊಟ್ಟರು? ತಪ್ಪು ಎಣಿಸಿದವರಿಗೆ ದಂಡ ಬಿದ್ದದ್ದನ್ನು ನಾನಂತೂ ನೋಡಿಲ್ಲ.

ನನ್ನ ಬೆಂಚಿನ ಮೇಲೆ ಕೂತವರು ಅಪರಿಚಿತರು. ಇವರ ಕಟ್ಟೆಯ ಮೇಲೆ ಕೂರುವವರು ಪಕ್ಕದ ಮನೆಯ ಗೆಳತಿಯರು. "ಇವ್ರು ತುಂಬೋ ತನಕ ನೀವ್ಯಾರೂ ಮನೀಗೆ ಹೋಗಂಗಿಲ್ಲ" ಎಂದು ಕಲೆಕ್ಷನ್ ಸಾರ್ ಉಳಿದ ಒಂಬತ್ತು ಜನರನ್ನು ಕೂರಿಸುತ್ತಾನೆ. ಬೈಗುಳ ಅವರದ್ದೇ ಬಾಯಿಂದ ಬರುತ್ತದೆ. ಆ ಹುಡುಗನಿಗೂ ತಿಂಗಳ ಟಾರ್ಗೆಟ್ ಇರುತ್ತದೆ, ಒಪ್ಪುತ್ತೇನೆ.

ಆ ಫೆಬ್ರವರಿ 12ರಂದು ರಾಜ್ಯ ಸರ್ಕಾರದ ಸುಗ್ರೀವಾಜ್ಞೆ ಬಂತು. ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಮರುದಿನವೇ "ಎಲ್ಲ ಸಾಲ ಮಾಫಿ ಆತಂತಲ್ರಿ?" ಎಂದು ಕೇಳಿಕೊಂಡು ಬಂದರು. ಇಲ್ರಿ, ಲೈಸೆನ್ಸ್ ಇಲ್ಲದವರ ಸಾಲದ ಮಾತು ಅದು, ಉಳಿದದ್ದು ತುಂಬಲೇಬೇಕು ಎಂದು ಹೇಳಿ ಹೇಳಿ ಸಾಕಾಯಿತು.

ಕೂಲಿಗೆ ಹೋಗುವ ಅಕ್ಕ ಒಬ್ಬರು ಸಂಘದ ಸಾಲಕ್ಕೆ ಹೊತ್ತಿನ ನಿಯಮ ಏನು ಎಂದು ಕೇಳಿದರು. ಬೆಳಿಗ್ಗೆ 9ರಿಂದ ಸಂಜೆ 6 ಎಂದೆ. "ಅಷ್ಟೊತ್ತೂ ನಾ ಹೊಲದಾಗ ಇರ್ತೀನಲ್ರಿ. ಅದಕ್ಕ ಅಂವ ಆರಕ್ಕ ಬರ್ತಾನ, ಹಲ್ಲುಜ್ಜೂ ಹೊತ್ತಿಗೆ" ಎಂದು ನಕ್ಕರು. ಒಂದರ ಹಿಂದೊಂದು ಎರಡು ಸಲ ಮೀಟಿಂಗಿಗೆ ತಪ್ಪಿಸಿದರೆ ಮಾತ್ರ ಮನೆಗೆ ಬರಬಹುದು ಎಂಬುದನ್ನೂ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಅದನ್ನ ದೊಡ್ಡ ಅಕ್ಷರದಾಗ ಹೊಡದು ಕೊಡ್ರಿ, ಬಾಗಲಕ್ಕ ಹಚ್ಚತೀನಿ" ಎಂದರು.

ಒಂದು ಎ4 ಹಾಳೆ. ಮೇಲೆ ರಿಸರ್ವ್ ಬ್ಯಾಂಕ್ ನಿಯಮ ಎಂದು, ಕೆಳಗೆ ಗಂಟೆ, ಅದರ ಕೆಳಗೆ ದೂರಿನ ಫೋನ್ ನಂಬರ್ 14448. ಲ್ಯಾಮಿನೇಷನ್ ಸೇರಿ 20 ರೂಪಾಯಿ ಆಗುತ್ತದೆ, 10 ತಗೊಂಡೆ. ಮಾರನೇ ವಾರ ಅದೇ ಓಣಿಯಿಂದ ಮೂವರು ಬಂದರು. ಆ ಫೈಲನ್ನು ಈಗ ಡೆಸ್ಕ್‌ಟಾಪ್ ಮೇಲೇ ಇಟ್ಟಿದ್ದೇನೆ.