ನಾಮಕ್ಕಲ್‌ನಿಂದ ವಾಪಸ್ ಲೋಡು

ಅಕ್ಟೋಬರ್ ಮುಗಿಯುತ್ತಾ ಬಂತೆಂದರೆ ರಾಣೆಬೆನ್ನೂರಿನಲ್ಲಿ ಲಾರಿಗಳಿಗೆ ಬೇಡಿಕೆ ಶುರುವಾಗುತ್ತದೆ. ಸುತ್ತಲಿನ ಹಳ್ಳಿಗಳ ಗೋವಿನಜೋಳ ಮಾರುಕಟ್ಟೆಗೆ ಬರುವ ಕಾಲ ಅದು. ಅದರಲ್ಲಿ ಸಾಕಷ್ಟು ಮಾಲು ತಮಿಳುನಾಡಿನ ನಾಮಕ್ಕಲ್‌ಗೆ ಹೋಗುತ್ತದೆ. ಅಲ್ಲಿನ ಕೋಳಿ ಫಾರಂಗಳಿಗೆ ಆಹಾರ ತಯಾರಿಸುವ ಕಾರ್ಖಾನೆಗಳಿಗೆ.

ನಾನು ಊರಿನ ಒಂದು ಲಾರಿ ಆಫೀಸಿನಲ್ಲಿ ವರ್ಷಗಟ್ಟಲೆ ಬಿಲ್ಟಿ, ಅಂದರೆ ಲಾರಿಗೆ ಏರಿಸಿದ ಮಾಲಿನ ರಸೀದಿ, ಬರೆದವನು. ಯಾರ ಲಾರಿ ಎಲ್ಲಿ ನಿಂತಿದೆ, ಯಾರಿಗೆ ಎಷ್ಟು ಅಡ್ವಾನ್ಸ್ ಹೋಯಿತು, ಯಾರ ಬ್ಯಾಲೆನ್ಸ್ ಬಾಕಿ ಇದೆ ಅನ್ನುವುದೆಲ್ಲ ನನ್ನ ಪುಸ್ತಕದಲ್ಲೇ ಇರುತ್ತಿತ್ತು. 2024ರಲ್ಲಿ ಧೈರ್ಯ ಮಾಡಿ ನಾನೂ ಒಂದು ಲಾರಿ ತೆಗೆದುಕೊಂಡೆ. 2019ರ ಮಾಡೆಲ್, ಹತ್ತು ಚಕ್ರದ ಸೆಕೆಂಡ್ ಹ್ಯಾಂಡ್ ಗಾಡಿ. ಹೊಗೆ ನಿಯಮದ ಹಳೆಯ ಹಂತವಾದ ಬಿಎಸ್‌ 4 ಇಂಜಿನ್ ಬೇಕೆಂದೇ ಹುಡುಕಿ ತಂದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್‌ 6 ಗಾಡಿಗಳಿಗೆ ಯೂರಿಯಾ ದ್ರಾವಣ ಹಾಕುತ್ತಿರಬೇಕು. ಅವುಗಳ ಸೆನ್ಸರ್ ಕೆಟ್ಟರೆ ಕಂಪನಿಯ ವರ್ಕ್‌ಶಾಪ್‌ಗೇ ಹೋಗಬೇಕು. ಹಳೆಯ ಇಂಜಿನ್ ಆದರೆ ನಮ್ಮೂರ ಮೇಸ್ತ್ರಿಯೇ ಬಿಚ್ಚಿ ಕಟ್ಟುತ್ತಾನೆ.

ಲಾರಿಯ ಬೆಲೆಯಷ್ಟೇ ನೋಡಿ ವ್ಯಾಪಾರಕ್ಕೆ ಇಳಿಯುವವರಿಗೆ ಇದನ್ನು ಹೇಳಲೇಬೇಕು. ಗಾಡಿ ಒಂದು ಅಡಿ ಮುಂದೆ ಹೋಗುವ ಮೊದಲೇ ಕಾಗದಗಳಿಗೆ ದೊಡ್ಡ ಮೊತ್ತ ಬೇಕು. ಈ ತೂಕದ ಗಾಡಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಒಂದೇ 2024ರಲ್ಲಿ ವರ್ಷಕ್ಕೆ 43,950 ರೂಪಾಯಿ ಇತ್ತು, ಮೇಲೆ ಜಿಎಸ್‌ಟಿ. ನ್ಯಾಷನಲ್ ಪರ್ಮಿಟ್ಟಿಗೆ ವರ್ಷಕ್ಕೆ 16,500. ಮೂರು ತಿಂಗಳಿಗೊಮ್ಮೆ ರೋಡ್ ಟ್ಯಾಕ್ಸ್. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಎನ್ನುವ ಸರ್ಟಿಫಿಕೇಟ್. ಇದರ ಜೊತೆಗೆ ತಿಂಗಳಿಗೆ ಮೂವತ್ತು ಸಾವಿರದ ಹತ್ತಿರ ಫೈನಾನ್ಸ್ ಕಂತು. ಲಾರಿ ನಿಂತರೂ ಕಂತು ನಿಲ್ಲುವುದಿಲ್ಲ.

ಮೊದಲ ಲೋಡು ನಮ್ಮ ಆಫೀಸಿನಿಂದಲೇ ಸಿಕ್ಕಿತು. ಹದಿನೆಂಟು ಟನ್ ಗೋವಿನಜೋಳ, ನಾಮಕ್ಕಲ್‌ಗೆ. ಹತ್ತು ಅಥವಾ ಅದಕ್ಕಿಂತ ಕಡಿಮೆ ಲಾರಿ ಇರುವವರು ಪ್ಯಾನ್ ನಂಬರ್ ಕೊಟ್ಟು ಡಿಕ್ಲರೇಷನ್ ಬರೆದುಕೊಟ್ಟರೆ ಬಾಡಿಗೆಯಲ್ಲಿ ಆದಾಯ ತೆರಿಗೆ (ಟಿಡಿಎಸ್) ಹಿಡಿಯುವುದಿಲ್ಲ. ಎಷ್ಟೋ ಮಾಲೀಕರಿಂದ ಆ ಕಾಗದಕ್ಕೆ ನಾನು ಸಹಿ ಹಾಕಿಸಿಕೊಂಡಿದ್ದೆ. ಆ ದಿನ ಮೇಜಿನ ಈಚೆ ನಿಂತು ನಾನೇ ಸಹಿ ಹಾಕಿದೆ. ಲಾರಿಗಳ ಸಂಖ್ಯೆ ಅನ್ನುವಲ್ಲಿ ‘ಒಂದು’ ಎಂದು ಬರೆಯುವಾಗ ಕೈ ಸ್ವಲ್ಪ ನಡುಗಿತು. ಸಂತೋಷಕ್ಕೇ ಇರಬೇಕು.

ಡ್ರೈವರ್ ಕಾಕಾ ನಮ್ಮ ಅಪ್ಪನ ಕಾಲದಿಂದ ಈ ಲೈನ್‌ನಲ್ಲಿ ಓಡಿಸಿದವರು. ಕ್ಲೀನರ್ ಸಂಬಳ ಉಳಿಯಲಿ, ದಾರಿಯೂ ಗೊತ್ತಾಗಲಿ ಎಂದು ನಾನೇ ಅವರ ಪಕ್ಕ ಹತ್ತಿ ಕುಳಿತೆ. ಚಿತ್ರದುರ್ಗ, ಹಿರಿಯೂರು, ತುಮಕೂರು ದಾಟಿ, ಬೆಂಗಳೂರನ್ನು ನೈಸ್ ರಸ್ತೆಯಲ್ಲಿ ಸುತ್ತಿಕೊಂಡು ಹೊಸೂರು ರಸ್ತೆಗೆ ಸೇರಿದೆವು. ತಮಿಳುನಾಡಿನಲ್ಲಿ ಡೀಸೆಲ್ ನಮಗಿಂತ ದುಬಾರಿ. ಹಾಗಾಗಿ ಅತ್ತಿಬೆಲೆಗೆ ಮೊದಲೇ ಟ್ಯಾಂಕ್ ತುಂಬಿಸಿದೆವು.

ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಘಾಟಿ. ಸೇಲಂ ಕಡೆಗೆ ಪೂರ್ತಿ ಇಳಿಜಾರು. ಅಪಘಾತಗಳಿಗೆ ಹೆಸರಾದ ಜಾಗ ಅದು. ಡೀಸೆಲ್ ಉಳಿಸಲು ಕೆಲವರು ಅಲ್ಲಿ ಗಾಡಿಯನ್ನು ನ್ಯೂಟ್ರಲ್ ಮಾಡಿ ಬಿಡುತ್ತಾರೆ. ಆಮೇಲೆ ಬ್ರೇಕಿನ ಮೇಲೇ ಭಾರವೆಲ್ಲ ಬೀಳುತ್ತದೆ. ಡ್ರಮ್ ಕಾದರೆ ಬ್ರೇಕ್ ಹಿಡಿಯುವುದೇ ಇಲ್ಲ. ಕಾಕಾ ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ, ಇಂಜಿನ್ನಿನಿಂದಲೇ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಒತ್ತಿ, ಗಾಡಿಯನ್ನು ಎಳೆದು ಹಿಡಿದಂತೆ ಇಳಿಸಿದರು. ಹಿಂದಿನಿಂದ ಹಾರ್ನ್ ಹೊಡೆದವರಿಗೆ ಕಿವಿ ಕೊಡಲಿಲ್ಲ. “ತಮ್ಮಾ, ಇಲ್ಲಿ ಉಳಿಸೋ ಡೀಸೆಲ್ ನಮಗ ಬ್ಯಾಡ” ಅಂದರು. ಮೈಲೇಜ್ ಲೆಕ್ಕ ಕೇಳುವ ಮಾಲೀಕರೆಲ್ಲ ಒಮ್ಮೆ ಆ ಘಾಟಿಯಲ್ಲಿ ಡ್ರೈವರ್ ಪಕ್ಕ ಕುಳಿತು ಬರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ನಾಮಕ್ಕಲ್‌ನಲ್ಲಿ ಕಾರ್ಖಾನೆಯ ಗೇಟಿನ ಹೊರಗೆ ಲಾರಿಗಳ ಸಾಲು ಇತ್ತು. ಅಲ್ಲಿ ಒಳಗೆ ಬಿಡುವ ಮೊದಲು ಚೀಲಗಳಿಗೆ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೆಯುತ್ತಾರೆ. ತೇವ ಶೇ. 14 ದಾಟಿದರೆ ತಕರಾರು. ಅದು ಸುಮ್ನೆ ತಗಾದೆಯಲ್ಲ. ತೇವದ ಕಾಳಿಗೆ ಬೂಷ್ಟು ಹಿಡಿಯುತ್ತದೆ, ಬೂಷ್ಟಿನ ವಿಷ ಕೋಳಿಗಳನ್ನು ಕೊಲ್ಲುತ್ತದೆ. ಅವರ ಎಚ್ಚರ ಸರಿಯೇ. ಆದರೆ ನವೆಂಬರ್ ಎಂದರೆ ಅಲ್ಲಿ ಹಿಂಗಾರು ಮಳೆಯ ಕಾಲ. ನಮ್ಮ ಸರದಿ ಬರುವ ಮೊದಲೇ ಮಳೆ ಶುರುವಾಯಿತು.

ಆ ರಾತ್ರಿ ಇಬ್ಬರೂ ಮಲಗಲಿಲ್ಲ. ತಾಡಪತ್ರಿಯ ಮಧ್ಯೆ ನೀರು ನಿಂತು ಹೊಂಡವಾಗುತ್ತಿತ್ತು. ನಾನು ಮೇಲೆ ಹತ್ತಿ ಕಾಲಿನಿಂದ ಒತ್ತಿ ನೀರು ಚೆಲ್ಲುವುದು, ಕಾಕಾ ಕೆಳಗಿನಿಂದ ಹಗ್ಗ ಬಿಗಿಯುವುದು. ಹಿಂದಿನ ಮೂಲೆಯಲ್ಲಿ ಸಣ್ಣ ತೂತು ಕಂಡಿತು. ಹೊದೆಯಲು ತಂದಿದ್ದ ಪ್ಲಾಸ್ಟಿಕ್ ಹಾಳೆಯನ್ನು ಅಲ್ಲಿಗೆ ತುರುಕಿದೆವು. ಮುಂದೆ ನಿಂತಿದ್ದ ಲಾರಿಯ ತಮಿಳು ಡ್ರೈವರ್ ನಮ್ಮ ಒದ್ದಾಟ ನೋಡಿ ತನ್ನ ಹಳೆಯ ತಾಡಪತ್ರಿಯನ್ನೇ ತಂದು ಕೊಟ್ಟ. ಅವನ ಮಾತು ನನಗೆ ಅರ್ಧ ತಿಳಿಯಿತು, ನನ್ನದು ಅವನಿಗೆ ಅಷ್ಟೂ ತಿಳಿಯಲಿಲ್ಲ. ಮೂವರೂ ಸೇರಿ ಕಟ್ಟಿದೆವು.

ಸರದಿ ಬಂದಾಗ ಚೀಲಗಳು ಒಣಗಿಯೇ ಇದ್ದವು. ಸ್ಯಾಂಪಲ್ ಪಾಸಾಯಿತು. ಕಾಟಾದಲ್ಲಿ ತೂಕವೂ ಸರಿಹೋಯಿತು. ಆದರೆ ಕಾದು ನಿಂತ ದಿನಗಳಿಗೆ ಹಾಲ್ಟಿಂಗ್ ಹಣ ಕೇಳಿದರೆ ಗೇಟಿನವರು ವ್ಯಾಪಾರಿಯನ್ನು ಕೇಳಿ ಅಂದರು. ವ್ಯಾಪಾರಿ ಕಾರ್ಖಾನೆಯವರನ್ನು ಕೇಳಿ ಅಂದರು. ಇಬ್ಬರೂ ಕೊಡಲಿಲ್ಲ. ನೂರು ಲಾರಿ ಇರುವವನಿಗೆ ಒಂದು ನಿಂತರೂ ಉಳಿದವು ಓಡುತ್ತವೆ. ಒಂದೇ ಲಾರಿ ಇರುವವನಿಗೆ ಅದು ನಿಂತರೆ ಇಡೀ ವ್ಯಾಪಾರವೇ ನಿಂತ ಹಾಗೆ, ಅಲ್ವಾ?

ಹೋಗುವ ಬಾಡಿಗೆಯಲ್ಲಿ ಡೀಸೆಲ್, ಟೋಲ್, ಡ್ರೈವರ್ ಬತ್ತಾ, ಕಮಿಷನ್ ಕಳೆದು ಏಳೆಂಟು ಸಾವಿರ ಉಳಿದಿತ್ತು. ಖಾಲಿ ವಾಪಸಾದರೆ ಡೀಸೆಲ್ಲು, ಟೋಲಿಗೇ ಹನ್ನೆರಡು ಸಾವಿರ ದಾಟುತ್ತದೆ. ಅಂದರೆ ಮಾಡಿದ ಕೆಲಸಕ್ಕೆ ಕೈಯಿಂದ ಹಣ ಕೊಟ್ಟ ಹಾಗೆ. ಈ ವ್ಯಾಪಾರ ಉಳಿಯುವುದೂ ಮುಳುಗುವುದೂ ವಾಪಸ್ ಲೋಡಿನಲ್ಲಿ. ಆಫೀಸಿನಲ್ಲಿ ಕುಳಿತಾಗ ಅದು ನನಗೆ ಲೆಕ್ಕವಾಗಿ ಗೊತ್ತಿತ್ತು. ಸೇಲಂನ ಲಾರಿ ಆಫೀಸುಗಳ ಮೆಟ್ಟಿಲು ಹತ್ತಿ ಇಳಿದಾಗ ಕಾಲಿಗೂ ಗೊತ್ತಾಯಿತು.

ಸೇಲಂ ಸುತ್ತಮುತ್ತ ಮರಗೆಣಸಿನಿಂದ ಸಬ್ಬಕ್ಕಿ ಮಾಡುವ ಕಾರ್ಖಾನೆಗಳು ತುಂಬಾ ಇವೆ. ಉಪವಾಸಕ್ಕೆ ಸಾಬೂದಾನ ಖಿಚಡಿ ಮಾಡುವ ಮಹಾರಾಷ್ಟ್ರ ಅವರ ದೊಡ್ಡ ಗಿರಾಕಿ. ನಮಗೆ ಎರಡು ದಾರಿ ಇದ್ದವು. ಹುಬ್ಬಳ್ಳಿಗೆ ಒಂದು ಲೋಡು, ಮನೆ ದಾರಿಯಲ್ಲೇ, ಬಾಡಿಗೆ ಕಡಿಮೆ. ಇನ್ನೊಂದು ಪುಣೆಗೆ. ಟನ್ನಿಗೆ ಸಾವಿರ ರೂಪಾಯಿ ಜಾಸ್ತಿ. ಆದರೆ ಪುಣೆಯಲ್ಲಿ ಮತ್ತೆ ಖಾಲಿ ನಿಂತರೆ?

ನಾನು ಹುಬ್ಬಳ್ಳಿಗೇ ಮನಸ್ಸು ಮಾಡಿದ್ದೆ. ಕಾಕಾ ಚಹಾ ಕುಡಿಯುತ್ತಾ, “ಪುಣೆ–ಬೆಂಗಳೂರು ಲೈನು ಯಾವತ್ತೂ ಒಣಗಂಗಿಲ್ಲ ತಮ್ಮಾ. ಅಲ್ಲಿಂದ ಮಾಲು ಸಿಗತೈತಿ. ಹುಬ್ಬಳ್ಳ್ಯಾಗ ಇಳಿಸಿದ್ರ ಮತ್ತ ಊರಾಗ ಸಾಲಿಗೆ ನಿಲ್ಲಬೇಕು” ಅಂದರು. ಊರಿನಲ್ಲಿ ಸೀಜನ್ ಲಾರಿಗಳ ಸಾಲು ಎಷ್ಟು ಉದ್ದ ಇರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪುಣೆಗೆ ಒಪ್ಪಿಕೊಂಡೆ.

ಗೋವಿನಜೋಳಕ್ಕೆ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಕಾಗದ, ಬೇಕಿರಲಿಲ್ಲ. ಸಬ್ಬಕ್ಕಿಗೆ ಬೇಕು. 200 ಕಿಲೋಮೀಟರಿಗೆ ಒಂದು ದಿನದ ಅವಧಿ ಕೊಡುತ್ತಾರೆ. ಸಾವಿರ ಕಿಲೋಮೀಟರ್ ದಾಟುವ ಈ ದಾರಿಗೆ ಆರು ದಿನ ಸಿಕ್ಕಿತು. ಬಿಲ್ಲಿನಲ್ಲಿ ಗಾಡಿ ನಂಬರ್ ಒಂದಕ್ಷರ ತಪ್ಪಿದರೂ ದಾರಿಯಲ್ಲಿ ಹಿಡಿಯುತ್ತಾರೆ, ಅದಕ್ಕೆ ಆರ್‌ಸಿ ಹಿಡಿದು ಪಕ್ಕದಲ್ಲೇ ನಿಂತು ಬರೆಸಿದೆ. ಸೇಲಂನಲ್ಲೇ ಹೊಸ ತಾಡಪತ್ರಿ ಕೊಂಡು ಎರಡು ಪದರ ಹೊದಿಸಿದೆವು. ಸಬ್ಬಕ್ಕಿಗೆ ನೀರು ತಾಗಿದರೆ ಮಾಲಿನ ಹಣ ಪೂರ್ತಿ ನಮ್ಮ ತಲೆಗೆ.

ರಾಣೆಬೆನ್ನೂರಿನ ಬೈಪಾಸ್‌ಗೆ ಬಂದಾಗ ಮನೆಯವಳು ರೊಟ್ಟಿ ಬುತ್ತಿ, ಒಗೆದ ಬಟ್ಟೆ ಹಿಡಿದು ತಮ್ಮನ ಬೈಕಿನಲ್ಲಿ ಬಂದಿದ್ದಳು. ಕಂತಿನ ತಾರೀಕು ಹತ್ತಿರ ಬಂದಿತ್ತು. ಪುಣೆ ಅಡ್ವಾನ್ಸಿನಲ್ಲಿ ಡೀಸೆಲ್ ತೆಗೆದಿಟ್ಟು ಉಳಿದದ್ದನ್ನು ಅವಳ ಕೈಗೆ ಕೊಟ್ಟೆ, ಬ್ಯಾಂಕಿಗೆ ಹಾಕು ಅಂತ. ಎಣಿಸಿಕೊಂಡು ಸೆರಗಿಗೆ ಕಟ್ಟಿಕೊಂಡಳು. ಆ ತಿಂಗಳ ಕಂತು ತಪ್ಪಲಿಲ್ಲ.

ಕಾಕಾ ಹೇಳಿದ್ದೇ ಆಯಿತು. ಪುಣೆಯಲ್ಲಿ ಮಾಲು ಇಳಿಸಿದ ಮರುದಿನವೇ ತುಮಕೂರಿಗೆ ಯಂತ್ರದ ಬಿಡಿಭಾಗಗಳ ಲೋಡು ಸಿಕ್ಕಿತು. ಸಬ್ಬಕ್ಕಿಯ ಬ್ಯಾಲೆನ್ಸ್ ಮಾತ್ರ, ಮೊಹರು ಬಿದ್ದ ಬಿಲ್ಟಿ ಸೇಲಂಗೆ ತಲುಪಿದ ಮೇಲೂ ಬಹಳ ದಿನ ಬರಲಿಲ್ಲ. ದಿನಾ ಫೋನ್ ಮಾಡಿಯೇ ವಸೂಲು ಮಾಡಿದೆ.

ಈಗ ಲೋಡು ಒಪ್ಪುವಾಗಲೇ ಎರಡು ಮಾತು ಕೇಳುತ್ತೇನೆ. ಇಳಿಸುವ ಜಾಗದಲ್ಲಿ ಸಾಲು ಎಷ್ಟಿದೆ, ಒಂದು ದಿನ ದಾಟಿ ನಿಂತರೆ ಹಾಲ್ಟಿಂಗ್ ಯಾರು ಕೊಡುತ್ತಾರೆ. ಉತ್ತರವನ್ನು ಬಿಲ್ಟಿಯ ಮೇಲೆಯೇ ಬರೆಸುತ್ತೇನೆ. ಕೆಲವು ಆಫೀಸಿನವರು ಮುಖ ಸಿಂಡರಿಸುತ್ತಾರೆ, ಲೋಡನ್ನು ಬೇರೆಯವರಿಗೆ ಕೊಡುತ್ತಾರೆ. ಬರೆದುಕೊಡುವವರೂ ಇದ್ದಾರೆ. ನಾನು ಬಿಲ್ಟಿ ಬರೆಯುತ್ತಿದ್ದ ನಮ್ಮೂರ ಆಫೀಸಿನಲ್ಲಿ ಈಗ ಹಾಲ್ಟಿಂಗ್ ಬರೆಯಲೆಂದೇ ಒಂದು ಜಾಗ ಬಿಟ್ಟು ಹೊಸ ಬಿಲ್ಟಿ ಪುಸ್ತಕ ಅಚ್ಚು ಹಾಕಿಸಿದ್ದಾರೆ.