ಭಯ ಹೋಗಲಿ ಎಂದು ಕಾಯುತ್ತ ಕೂತರೆ

"ಪ್ರಾರ್ಥನೆ ಮಾಡ್ತಾ ಇದ್ದೇನೆ, ಮನಸ್ಸಿಗೆ ಸಮಾಧಾನ ಸಿಕ್ಕಿದ ಮೇಲೆ ಮುಂದಿನದು ನೋಡೋಣ." ವಿಶ್ವಾಸಿಗಳ ಬಾಯಲ್ಲಿ ಈ ಮಾತು ಎಷ್ಟು ಸಲೀಸಾಗಿ ಬರುತ್ತದೆಂದರೆ, ಯಾರೂ ಅದನ್ನು ಪ್ರಶ್ನಿಸುವುದಿಲ್ಲ. ಸತ್ಯವೇದದಲ್ಲಿ (ಬೈಬಲಿನಲ್ಲಿ) ಮಾತ್ರ ನಡುಗುತ್ತಲೇ ಹೊರಟವರು ಬೇಕಾದಷ್ಟು ಜನ. ಕೊರಿಂಥದವರ ನಡುವೆ ಇದ್ದಾಗ ತಾನು ಬಲಹೀನನಾಗಿ, ಹೆದರಿ ನಡುಗುತ್ತಿದ್ದೆ ಎಂದು ಅಪೊಸ್ತಲ ಪೌಲನೇ ಬರೆದಿದ್ದಾನೆ (1 ಕೊರಿಂಥ 2:3). ಹೆದರಿಕೆ ಆದಾಗ ನಿನ್ನನ್ನೇ ನಂಬುತ್ತೇನೆ ಎನ್ನುತ್ತದೆ 56ನೇ ಕೀರ್ತನೆ. ಹೆದರಿಕೆ ಆಗುವುದೇ ಇಲ್ಲ ಎಂದು ಅಲ್ಲಿಲ್ಲ. ('ಭಯಪಡಬೇಡ' ಎಂಬ ಮಾತು ದಿನಕ್ಕೊಂದರಂತೆ 365 ಸಲ ಇದೆ ಎಂಬ ಸಂದೇಶ ಎಲ್ಲೆಡೆ ಓಡಾಡುತ್ತದೆ. ಎಣಿಸಿದರೆ ಅಷ್ಟು ಸಿಗುವುದಿಲ್ಲ. ಇರುವಷ್ಟೇ ಧಾರಾಳ ಸಾಕು.)

ಈ ವಿಷಯಕ್ಕೆ ಒಂದೇ ಪುಸ್ತಕ ಓದಬೇಕೆಂದರೆ ನೆಹೆಮೀಯನ ಪುಸ್ತಕ ಓದಿ. ಪಾರಸಿಯ ಅರಸನಿಗೆ ಪಾನ ಕೊಡುವ ಸೇವಕನಾಗಿದ್ದ ಯೆಹೂದಿ ಅವನು. ಯೆರೂಸಲೇಮಿನ ಗೋಡೆ ಬಿದ್ದ ಸುದ್ದಿ ಅವನಿಗೆ ಮುಟ್ಟಿದ್ದು ಯೆಹೂದಿ ಪಂಚಾಂಗದ ಕಿಸ್ಲೇವ್ ತಿಂಗಳಲ್ಲಿ, ಅರಸನೆದುರು ಬಾಯಿ ಬಿಟ್ಟಿದ್ದು ನೀಸಾನ್ ತಿಂಗಳಲ್ಲಿ. ನಡುವೆ ಸುಮಾರು ನಾಲ್ಕು ತಿಂಗಳು. "ಯಾಕೆ ಮುಖ ಬಾಡಿದೆ?" ಎಂದು ಅರಸ ಕೇಳಿದಾಗ ಬಹಳ ಹೆದರಿದೆ ಎಂದು ಅವನೇ ಹೇಳಿಕೊಳ್ಳುತ್ತಾನೆ. "ನಿನಗೇನು ಬೇಕು?" ಎಂದು ಕೇಳಿದಾಗ, ಆ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವೆ ಒಂದು ಪ್ರಾರ್ಥನೆ ಮಾಡಿಬಿಡುತ್ತಾನೆ. ಅಲ್ಲಿ ಮೊಣಕಾಲೂರಲು ಸಮಯವೆಲ್ಲಿ? ಒಂದು ಉಸಿರಿನಷ್ಟು ಹೊತ್ತು ಸಿಕ್ಕಿದ್ದರೆ ಹೆಚ್ಚು. ಆಮೇಲೆ ಅವನು ಕೇಳುವುದನ್ನು ಗಮನಿಸಿ: ಎಷ್ಟು ದಿನದ ರಜೆ, ಯೂಫ್ರೆಟಿಸ್ ನದಿಯಾಚೆಯ ಅಧಿಪತಿಗಳಿಗೆ ಪತ್ರ, ಬಾಗಿಲುಗಳ ತೊಲೆಗೆ ಮರ ಕೊಡುವಂತೆ ಅರಸನ ಅರಣ್ಯಾಧಿಕಾರಿಗೆ ಇನ್ನೊಂದು ಪತ್ರ. ನಾಲ್ಕು ತಿಂಗಳು ಅತ್ತು ಪ್ರಾರ್ಥಿಸಿದವನು ಲೆಕ್ಕವನ್ನೂ ಹಾಕಿಟ್ಟಿದ್ದ. ಊರು ಮುಟ್ಟಿದ ಮೇಲೂ ಅಷ್ಟೇ. ಮೂರು ದಿನ ಕಳೆದ ಮೇಲೆ, ರಾತ್ರಿ ಕೆಲವೇ ಜನರೊಂದಿಗೆ ಹೋಗಿ ಮುರಿದ ಗೋಡೆ ನೋಡಿ ಬಂದ. ಕಟ್ಟಿ ಮುಗಿಸಿದ್ದು 52 ದಿನಗಳಲ್ಲಿ.

ಇದನ್ನು ನಮ್ಮ ಮಟ್ಟಕ್ಕೆ ಇಳಿಸಿಕೊಳ್ಳುವುದು ಕಷ್ಟವಲ್ಲ. ಒಂದು ಹಾಳೆಯಲ್ಲಿ ಭಯವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. "ಮುಂದೇನಾಗುತ್ತೋ" ಎಂಬುದು ಸಾಲದು. "ಸಂದರ್ಶನದಲ್ಲಿ ಮಾತು ತಡವರಿಸಿ ನಗೆಪಾಟಲಾಗುತ್ತೇನೆ" ಎಂದರೆ ಸರಿ, ಅದರ ಬಗ್ಗೆ ಏನಾದರೂ ಮಾಡಬಹುದು. ಮುಂದೆ 13ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ, ಇರುವುದು ಆರೇ ವಚನ. ಮೊದಲೆರಡರಲ್ಲಿ "ಎಲ್ಲಿಯವರೆಗೆ" ಎಂಬ ದೂರು ನಾಲ್ಕು ಸಲ, ಮೂರು ನಾಲ್ಕರಲ್ಲಿ ಬೇಡಿಕೆ, ಐದು ಆರರಲ್ಲಿ ಭರವಸೆ. ಅದೇ ಜಾಡಿನಲ್ಲಿ ನಿಮ್ಮ ವಾಕ್ಯವನ್ನು ಪ್ರಾರ್ಥಿಸಿ. ಎಡವುವುದು ಇಲ್ಲೇ: ಅರ್ಧ ಗಂಟೆ ದೂರಿನಲ್ಲೇ ಸುತ್ತಿ ಎದ್ದುಬಿಡುತ್ತೇವೆ. ಅದು ಆಮೆನ್ ಸೇರಿಸಿದ ಚಿಂತೆ. ದೇವರ ಮುಂದೆ ಅಳಬಾರದೆಂದಲ್ಲ, ಬೇಡಿಕೆಗೂ ಬನ್ನಿ ಎಂದಷ್ಟೆ. ಆಮೇಲೆ ಹಾಳೆಯ ಕೆಳಗೆ ಹದಿನೈದು ನಿಮಿಷದಲ್ಲಿ ಮುಗಿಯುವ ಒಂದು ಕೆಲಸವನ್ನು ದಿನ, ಗಂಟೆ ಸಮೇತ ಬರೆಯಿರಿ. ಒಂದು ಫೋನ್ ಕರೆ, ಅರ್ಜಿಯ ಮೊದಲ ಪುಟ, ಅಷ್ಟೇ.

ದೇವರಿಂದ ಗುರುತು ಕೇಳುವ ಚಟ ಇನ್ನೊಂದು ತೊಡಕು. ಇಸ್ರಾಯೇಲ್ಯರ ನಾಯಕ ಗಿದ್ಯೋನ, ಶತ್ರುಗಳ ಮೇಲೆ ಹೋಗುವ ಮೊದಲು, ಇಬ್ಬನಿಯ ಗುರುತಿಗಾಗಿ ಉಣ್ಣೆ ಹಾಸಿ ದೇವರನ್ನು ಎರಡು ಸಲ ಪರೀಕ್ಷಿಸಿದನಲ್ಲ ಎನ್ನುತ್ತಾರೆ. ಏನು ಮಾಡಬೇಕೆಂದು ಅವನಿಗೆ ಅದಕ್ಕೆ ಮೊದಲೇ ತಿಳಿಸಲಾಗಿತ್ತು, "ನೀನು ಹೇಳಿದಂತೆ" ಎಂದೇ ಅವನು ಬೇಡಿಕೆ ಶುರು ಮಾಡುತ್ತಾನೆ. ಗೊತ್ತಿರುವ ಕೆಲಸಕ್ಕೆ ಏಳನೇ ಗುರುತು ಕೇಳುವುದು ಮುಂದೂಡಿಕೆ. ಕಣ್ಣು ಮುಚ್ಚಿ ಪುಟ ತೆರೆದು ಸಿಕ್ಕಿದ ವಚನವನ್ನೇ ಉತ್ತರ ಎಂದುಕೊಳ್ಳುವುದೂ ಅದೇ ಸಾಲಿಗೆ ಸೇರಿದ್ದು.

ಎಲ್ಲ ಭಯವನ್ನೂ ಎದುರಿಸಿ ನಿಲ್ಲಬೇಕಿಲ್ಲ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಆ ಭಯ ಎಚ್ಚರಿಕೆ, ಮೊದಲು ಸುರಕ್ಷಿತ ಜಾಗಕ್ಕೆ ಹೋಗಬೇಕು. ದಾವೀದ ತನ್ನನ್ನು ಕೊಲ್ಲಲು ಹೊಂಚಿದ ಅರಸ ಸೌಲನಿಂದ ಓಡಿದ, ಪೌಲ ದಮಸ್ಕದ ಗೋಡೆಯಿಂದ ಬುಟ್ಟಿಯಲ್ಲಿ ಇಳಿದು ಪಾರಾದ. ನಿದ್ದೆ, ಊಟ ಕೆಟ್ಟು ವಾರಗಳಾಗಿದ್ದರೆ ವೈದ್ಯರನ್ನು ಕಾಣಿ. ಸಾಯಬೇಕೆಂದ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು, ನಿದ್ದೆ, ಮತ್ತೆ ರೊಟ್ಟಿ.

ಒಬ್ಬರೇ ಹೋಗಲೂಬೇಡಿ. ಶತ್ರುಗಳ ಪಾಳೆಯಕ್ಕೆ ಇಳಿಯಲು ಹೆದರಿಕೆಯಾದರೆ ಸೇವಕನನ್ನು ಕರೆದುಕೊಂಡು ಹೋಗು ಎಂದು ಗಿದ್ಯೋನನಿಗೆ ದೇವರೇ ಹೇಳುತ್ತಾನೆ (ನ್ಯಾಯಸ್ಥಾಪಕರು 7:10). ಸಭೆಯಲ್ಲಿ ಒಬ್ಬರಿಗೆ ಆ ಹಾಳೆ ತೋರಿಸಿ. ಅವರು ಬುದ್ಧಿ ಹೇಳಬೇಕಿಲ್ಲ. ಮರುದಿನ "ಫೋನ್ ಮಾಡಿದಿರಾ?" ಎಂದು ಕೇಳಿದರೆ ಸಾಕು. ಗಿದ್ಯೋನ ಕೂಡ "ನನಗೇನೂ ಹೆದರಿಕೆ ಇಲ್ಲ" ಎನ್ನಲಿಲ್ಲ. ಸೇವಕನನ್ನು ಕರೆದುಕೊಂಡೇ ಇಳಿದ.